ನಕಾಶೆ ಓದಾಕ ಕಲಸ್ರಿ ಸಾಹೇಬ್ರ: ವಿಜಯಪುರದ ಒಬ್ಬ ಮಾಸ್ತರನ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೂ, ಇಲಾಖೆ ಸಾಹೇಬ್ರಿಗೂ, ನಮ್ಮ ವಿಜಯಪುರ ಬಾಗಲಕೋಟಿ ಬೆಳಗಾವಿ ಕಡೆ ಹೈಸ್ಕೂಲ್ ಹುಡುಗೂರ ತಂದಿತಾಯಿಗೂ ಶರಣು ಶರಣಾರ್ಥಿ.

ನಾನೊಬ್ಬ ರಿಟೈರ್ಡ್ ಮಾಸ್ತರ. ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಹೇಳ್ತಿದ್ದೆ, ಅದರಾಗೂ ಭೂಗೋಳ ಅಂದ್ರ ನನಗ ಜೀವಾ. ಪೆನ್ಶನ್ ಬರ್ತೈತಿ, ಮಕ್ಕಳು ನೋಡ್ಕೊಂತಾರ, ನನ್ನ ಸಲುವಾಗಿ ಕೇಳೂದೇನಿಲ್ಲ. ಆದ್ರ ಒಂದು ಮಾತು ಎದ್ಯಾಗ ಮುಳ್ಳಿನಂಗ ಕುಂತೈತಿ, ಅದನ್ನ ಎಲ್ಲಾರ ಮುಂದ ಇಡಬೇಕಂತ ಬರಿಯಾಕ ಹತ್ತೀನಿ.

2025ರ ಮೇ ತಿಂಗಳು. ಪಹಲ್ಗಾಮ್‌ನ್ಯಾಗ ಪ್ರವಾಸಿಗರ ಮ್ಯಾಲ ಉಗ್ರರ ದಾಳಿ ಆಗಿ, ಮೇ 7ಕ್ಕ ಪಾಕಿಸ್ತಾನದ ಮ್ಯಾಲ ಆಪರೇಷನ್ ಸಿಂಧೂರ ಶುರು ಆಗಿತ್ತಲ್ಲ, ಆ ದಿನದಾಗ ನಾನು ಸಂಜಿಮುಂದ ಚಾದ ಅಂಗಡಿ ಮುಂದ ಕುಂತಿದ್ದೆ. ಎಲ್ಲಾರ ಕೈಯಾಗ ಮೊಬೈಲು, ಒಬ್ಬಂವ ಲಾಹೋರ ಎರಡು ದಿನದಾಗ ನಮ್ಮ ಕೈಯಾಗ ಬರ್ತೈತಿ ಅಂತಾನ, ಇನ್ನೊಬ್ಬಂವ ಸಿಂಧೂ ನೀರು ಬಂದ್ ಮಾಡಿದ್ರ ಮುಗೀತು ಗಂಟಲು ಒಣಗಿ ಸಾಯ್ತಾರ ಅಂತಾನ, ಮತ್ತೊಬ್ಬಂವ ಚೀನಾದವ್ರಿಗೂ ಒಂದು ಕೈ ತೋರಿಸಿಬಿಡಬೇಕಿತ್ತು ಅಂತಾನ. ಅವರೆಲ್ಲಾರೂ ನನ್ನ ಕೈಯಾಗ ಕಲತ ಹುಡುಗೂರು ರೀ, ಕೆಟ್ಟವ್ರಲ್ಲ, ದೇಶದ ಮ್ಯಾಲ ಪ್ರೀತಿ ಇದ್ದವ್ರು. ಅಲ್ಲೇ ಬಾಕಿನ ತುದೀಗೆ ಒಬ್ಬ ಹಿರಿಯರು ಸುಮ್ನ ಚಾ ಕುಡೀತಿದ್ರು. ಅವರ ಮಗ ಸೈನ್ಯದಾಗ, ಉತ್ತರದಾಗ ಭಾಳ ಎತ್ತರದ ಜಾಗಾದಾಗ. ಮಂದಿ ಎದ್ದು ಹೋದ ಮ್ಯಾಲ ನನ್ನ ಹತ್ರ ಬಂದು ಕೇಳಿದ್ರು, "ಸರ, ನನ್ನ ಮಗ ಇರೂ ಜಾಗಾ ನಕಾಶೆದಾಗ ಎಲ್ಲಿ ಬರ್ತೈತಿ, ಒಂದಿಷ್ಟು ತೋರಸ್ರಿ. ಅಲ್ಲಿ ಯಾರೂ ಇರಾಂಗಿಲ್ಲಂತ, ಹುಲ್ಲೂ ಬೆಳ್ಯಾಂಗಿಲ್ಲಂತ, ಅಂಥಾ ಜಾಗಾ ಯಾಕ ಕಾಯಬೇಕು?"

ನಾ ಮೊಬೈಲ್ ತೆಗದೆ. ಹಿಗ್ಗಿಸಿ ತೋರಿಸಿದೆ. ಬರೇ ಬಿಳಿ ಬಣ್ಣ, ನಡುವ ಒಂದು ಚುಕ್ಕಿ ಚುಕ್ಕಿ ಗೆರಿ. ಅವರಿಗೆ ಏನೂ ತಿಳೀಲಿಲ್ಲ, ಮೂವತ್ತು ವರ್ಷ ಭೂಗೋಳ ಹೇಳಿದ ನನಗೂ ಆ ಸಪಾಟ ಗಾಜಿನ ಮ್ಯಾಲ ಗುಡ್ಡ ಎಲ್ಲಿ ಕಣಿವಿ ಎಲ್ಲಿ ಅಂತ ತಿಳಿಸಿ ಹೇಳಾಕ ಆಗ್ಲಿಲ್ಲ. ಆ ರಾತ್ರಿ ನಿದ್ದಿ ಬರ್ಲಿಲ್ಲ ರೀ. ನಮ್ಮ ಕಡೆ ಎಷ್ಟೋ ಹಳ್ಳಿಯೊಳಗ ಸೈನ್ಯಕ್ಕ ಹೋದ ಹುಡುಗೂರು ಸಿಗ್ತಾರ, ಬೆಳಗಾವಿಯೊಳಗ ಮರಾಠಾ ರೆಜಿಮೆಂಟಿನ ಸೆಂಟರ್ ಐತಿ, ವಿಜಯಪುರದಾಗ ಸೈನಿಕ ಶಾಲೆ ಐತಿ, ಮಕ್ಕಳನ್ನ ಕಳಸೂವ್ರು ನಾವು. ಅವರು ಯಾವ ನೆಲದ ಸಲುವಾಗಿ ನಿಂತಾರ, ಆ ನೆಲ ಯಾಕ ಅಷ್ಟು ತುಟ್ಟಿ, ಅನ್ನೂದು ಮಾತ್ರ ನಮಗ ಗೊತ್ತಿಲ್ಲ. ಹುಡುಗೂರಿಗೆ ನಾವು ನಕಾಶೆ ತುಂಬಾಕ ಕಲಿಸಿದ್ವಿ, ಎಸ್ಸೆಸ್ಸೆಲ್ಸಿ ಪೇಪರಿನ್ಯಾಗ ಮಾರ್ಕ್ಸ್ ಬರ್ಲಿ ಅಂತ ನದಿ, ಬಂದರು, ಡ್ಯಾಮು ಗುರ್ತು ಹಾಕಾಕ ಬಾಯಿಪಾಠ ಮಾಡಿಸಿದ್ವಿ. ಓದಾಕ ಕಲಸ್ಲಿಲ್ಲ. ಈ ತಪ್ಪಿನ್ಯಾಗ ನನ್ನದೂ ಪಾಲು ಐತಿ.

ಮತ್ತ ನೋಡ್ರಿ, ಇದನ್ನ ಕಲಸಾಕ ನಮ್ಮಷ್ಟು ಚಲೋ ನೆಲ ಯಾರಿಗೂ ಇಲ್ಲ. ವಿಜಯಪುರದಾಗ ಉಪ್ಲಿ ಬುರುಜ್ ಅಂತ ಐತಲ್ಲ, 80 ಫೂಟಿನ ದುಂಡ ಗೋಪುರ, ಹುಡುಗೂರು ಹತ್ತಿ ಸೆಲ್ಫಿ ತಗೊಂಡು ಇಳೀತಾರ. ಅಲ್ಲೇ ನಿಂದ್ರಿಸಿ ಒಂದ ಪ್ರಶ್ನಿ ಕೇಳಬೇಕು, ಇಲ್ಲಿ ಇದನ್ನ ಯಾಕ ಕಟ್ಟಿದ್ರು? ನಾಕೂ ದಿಕ್ಕು ನೋಡಿದ್ರ ಉತ್ತರ ಅಲ್ಲೇ ಸಿಗ್ತೈತಿ. ಗುಡ್ಡ ಇಲ್ಲ. ಬಯಲು. ವೈರಿ ಎಲ್ಲಿಂದ ಬರ್ತಾನ ಅಂತ ನೋಡಾಕ ದೇವರು ಕೊಟ್ಟ ಎತ್ತರ ಇರಲಿಲ್ಲ, ಅದಕ್ಕ ಕಲ್ಲಿಲೆ ಎತ್ತರ ಕಟ್ಟಿ ಮ್ಯಾಲ ತೋಪು ಇಟ್ರು. ಬಾದಾಮಿಯೊಳಗ ಚಾಲುಕ್ಯರಿಗೆ ಆ ತ್ರಾಸು ಇರಲಿಲ್ಲ, ಕೆಂಪು ಕಲ್ಲಿನ ಬಂಡಿಗಳೇ ಗ್ವಾಡಿ, ನಡುವ ಕೆರಿ. ಅಂಥಾ ಬಾದಾಮಿಯೂ 642ರಾಗ ಪಲ್ಲವರ ಕೈಗೆ ಬಿತ್ತು ಅನ್ನೂದನ್ನೂ ಕೂಡೇ ಹೇಳಬೇಕು, ಇಲ್ಲಾಂದ್ರ ಗುಡ್ಡ ಇದ್ರ ಸಾಕು ಅಂತ ಹುಡುಗೂರು ತಿಳ್ಕೊಂತಾರ.

ಬಯಲಾಗಿದ್ದ ವಿಜಯಪುರವನ್ನ 1665-66ರಾಗ ಉಳಿಸಿದ್ದು ಯಾವುದು ಗೊತ್ತೇನ್ರಿ? ಮೊಗಲರ ಸೈನ್ಯ ತಗೊಂಡು ರಾಜಾ ಜಯಸಿಂಗ ಬಂದಾಗ ವಿಜಯಪುರ ಆಳ್ತಿದ್ದ ಆದಿಲ್‌ಶಾಹಿ ಮಂದಿ ಕೋಟೆ ಸುತ್ತಲಿನ ಸೀಮೆ ಪೂರಾ ಬೋಳು ಮಾಡಿದ್ರು, ಕೆರಿ ಖಾಲಿ ಮಾಡಿದ್ರು, ಬಾವಿಗೆ ಮಣ್ಣು ತುಂಬಿದ್ರು. ಜಯಸಿಂಗ ಕೋಟೆ ಹತ್ರ ಬಂದು ನೋಡಿದ್ರ ಕುದುರಿಗೆ ನೀರಿಲ್ಲ, ಮಂದಿಗೆ ಕಾಳಿಲ್ಲ, ದೊಡ್ಡ ತೋಪೂ ಸಂಗಡ ಇರಲಿಲ್ಲ, ತಿರುಗಿ ಹೋಗಬೇಕಾತು. ನಮ್ಮ ಬರಗಾಲದ ಸೀಮೆ ಆವಾಗ ಕೋಟೆಗಿಂತ ದೊಡ್ಡ ಕೋಟೆ ಆಗಿತ್ತು. ಇಪ್ಪತ್ತು ವರ್ಷ ಆದ ಮ್ಯಾಲ ಔರಂಗಜೇಬನ ಸೈನ್ಯ ಒಂದು ವರ್ಷದ ಮ್ಯಾಲ ಮುತ್ತಿಗಿ ಹಾಕಿ ಕುಂತು, ಕಡೀಗೆ ಅವನೂ ಸ್ವತಃ ಬಂದಾಗ, 1686ರ ಸೆಪ್ಟೆಂಬರಿನ್ಯಾಗ ಊರು ಬಿತ್ತು. ಇದನ್ನ ಇತಿಹಾಸದ ಪಾಠದಾಗ ಇಸ್ವಿ ಅಂತ ಹೇಳಿ ಮುಗಸ್ತೀವಿ, ಭೂಗೋಳದ ಪಾಠದಾಗ ಮಳಿ ಪ್ರಮಾಣ ಅಂತ ಬ್ಯಾರೆ ಹೇಳ್ತೀವಿ, ಎರಡೂ ಒಂದ ಕಥಿ ಅಂತ ಹುಡುಗೂರಿಗೆ ಯಾರೂ ಹೇಳಾಂಗಿಲ್ಲ.

ಹಂಗ ತಂಗಡಗಿ. ಮುದ್ದೇಬಿಹಾಳ ತಾಲೂಕಿನ್ಯಾಗ ಕೃಷ್ಣಾ ದಂಡಿಗೆ ಇರೂ ಊರು. 1565ರ ಜನವರಿ 23ರ ಲಡಾಯಿಗೆ ತಾಳಿಕೋಟಿ ಅಂತ ಹೆಸರು ಬಂದ್ರೂ ನಮ್ಮ ಮಂದಿ ರಕ್ಕಸಗಿ-ತಂಗಡಗಿ ಅಂತನೂ ಅಂತಾರ. ವಿಜಯನಗರದವ್ರು ಹೊಳಿ ದಾಟೂ ಜಾಗಾಕ್ಕ ಕಾವಲು ಇಟ್ಟಿದ್ರು. ಸುಲ್ತಾನರು ಬ್ಯಾರೆ ಕಡೆ ದಾಟ್ತೀವಿ ಅನ್ನೂವಂಗ ದಂಡಿ ಹಿಡ್ಕೊಂಡು ನಡದ್ರು, ವಿಜಯನಗರದವ್ರೂ ಆಚಿ ದಂಡಿಗುಂಟ ಅವರ ಜೋಡಿ ಸರದ್ರು, ಆಮ್ಯಾಲ ಸುಲ್ತಾನರು ಗಪ್ನ ಹಿಂದ ತಿರುಗಿ ಕಾವಲಿಲ್ಲದ ಕಡೆ ದಾಟಿಬಿಟ್ರು. ಹೊಳಿ ಎಲ್ಲಿ ಆಳ ಎಲ್ಲಿ ತೆಳುವು ಅನ್ನೂದು ಅಷ್ಟು ದೊಡ್ಡ ರಾಜ್ಯದ ಹಣೆಬರಾ ಬರೀತು. ಅದಕ್ಕೂ ಮೊದಲು ಎರಡು ನೂರು ವರ್ಷ ಕೃಷ್ಣಾ-ತುಂಗಭದ್ರಾ ನಡುವಿನ ರಾಯಚೂರು ಸೀಮೆ ಸಲುವಾಗಿ ಎಷ್ಟು ಹೆಣ ಬಿದ್ದಾವ! ಎರಡು ಹೊಳಿ ನಡುವಿನ ಎರಿ ಭೂಮಿ, ಯಾರ ಕೈಯಾಗಿದ್ರ ಅವರಿಗೆ ಕಾಳು, ಅವರಿಗೆ ಹೊಳಿಯ ಬೇಲಿ.

ಈಗ ನಾ ಹೇಳೂದು ಕೇಳಿ ಕೆಲವ್ರು ಇದೆಲ್ಲಾ ಹಳೇ ಕಥಿ ಮಾಸ್ತರ, ಈಗ ಡ್ರೋನ್ ಬಂದಾವ ಮಿಸೈಲ್ ಬಂದಾವ ಅಂತಾರ. ಅದಕ್ಕ ಒಂದ ಉದಾಹರಣಿ ಸಾಕು, ಅದನ್ನ ಸ್ವಲ್ಪ ಉದ್ದ ಹೇಳ್ತೀನಿ ಯಾಕಂದ್ರ ಅದು ನಮ್ಮ ಅಡಗಿಮನಿ ತನಕ ಬರ್ತೈತಿ.

ವಿಜಯಪುರದ ಆದಿಲ್‌ಶಾಹಿಗೆ ಕುದುರಿ ಬೇಕಾಗಿದ್ವು. ಲಡಾಯಿಗೆ ಬೇಕಾಗೂ ಜಾತಿ ಕುದುರಿ ದಖನ್ನಿನ್ಯಾಗ ಚಲೋ ಹುಟ್ಟಾಂಗಿಲ್ಲ, ಅರಬಸ್ತಾನ ಇರಾನದಿಂದ ಬರಬೇಕು. ಅವು ಬರ್ತಿದ್ದ ದಾರಿ ಪರ್ಷಿಯಾ ಕೊಲ್ಲಿಯ ಬಾಯಾಗಿನ ಹೋರ್ಮುಜ್, ಅಲ್ಲಿಂದ ಸಮುದ್ರ ದಾಟಿ ಗೋವಾ ಬಂದರು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಕಡೆ. ಪೋರ್ಚುಗೀಸರ ಅಲ್ಬುಕರ್ಕ್ ಅನ್ನೂ ಮನಷ್ಯಾನ ಹತ್ರ ನಮ್ಮ ರಾಜರ ಸೈನ್ಯದ ಪಾವು ಭಾಗನೂ ಇರಲಿಲ್ಲ. ಅವನ ಹತ್ರ ಇದ್ದದ್ದು ನಕಾಶೆ ಓದೂ ಬುದ್ಧಿ. ದೇಶ ಗೆಲ್ಲಾಕ ಹೋಗಲೇ ಇಲ್ಲ, ಸಮುದ್ರದ ಬಾಗಲಾ ಹಿಡದ. 1510ರಾಗ ಗೋವಾ, 1511ರಾಗ ಮಲಕ್ಕಾ, 1515ರಾಗ ಹೋರ್ಮುಜ್. ಕೆಂಪು ಸಮುದ್ರದ ಬಾಯಾಗಿನ ಏಡನ್ ಒಂದು ಅವನ ಕೈಗೆ ಸಿಗಲಿಲ್ಲ. 1510ರಾಗ ಯೂಸುಫ್ ಆದಿಲ್ ಶಾ ತೀರಿಹೋದ, ಮಗ ಇಸ್ಮಾಯಿಲ್ ಇನ್ನೂ ಹುಡುಗ, ಒಮ್ಮೆ ವಾಪಸ್ ತಗೊಂಡ ಗೋವಾ ನವೆಂಬರಿನ್ಯಾಗ ಮತ್ತ ಹೋತು. ಆಮ್ಯಾಲ ಕುದುರಿ ಬೇಕಂದ್ರ ವಿಜಯಪುರದವ್ರೂ ವಿಜಯನಗರದವ್ರೂ ಆ ಪೋರ್ಚುಗೀಸರ ಮಾರಿ ನೋಡಬೇಕಾತು. 1570-71ರಾಗ ಆದಿಲ್‌ಶಾಹಿ ಸೈನ್ಯ ತಿಂಗಳಗಟ್ಟಲೆ ಗೋವಾಕ್ಕ ಮುತ್ತಿಗಿ ಹಾಕ್ತು, ಊರು ಸಿಗಲಿಲ್ಲ, ಯಾಕಂದ್ರ ಆ ಊರು ಒಂದು ನಡುಗಡ್ಡಿ, ಈ ಕಡೆ ಮಾಂಡವಿ ಆ ಕಡೆ ಜುವಾರಿ, ಸಮುದ್ರದ ಬಾಯಿ ಅವರ ಹಡಗಿನ ಕೈಯಾಗ. ಗೋವಾ ಬಿಡಸಾಕ 1961ರ ಡಿಸೆಂಬರ್ ಬರಬೇಕಾತು, ಆವಾಗ ನಮ್ಮ ಸೈನ್ಯ ನೆರದಿದ್ದು ಬೆಳಗಾವಿಯೊಳಗ, ಅಲ್ಲಿಂದ ಘಟ್ಟ ಇಳದು ಹೋತು, ಪೋರ್ಚುಗೀಸರು ಸೇತುವೆ ಒಡದು ತಡ ಮಾಡಾಕ ನೋಡಿದ್ರು, ಎರಡ ದಿನದಾಗ ಮುಗೀತು. ಬೆಳಗಾವಿಯ ಎಷ್ಟು ಹುಡುಗೂರಿಗೆ ಇದು ಗೊತ್ತೈತಿ? ನಾ ಕೇಳಿದ ಕ್ಲಾಸಿನ್ಯಾಗ ಒಬ್ಬಂವನೂ ಕೈ ಎತ್ತಲಿಲ್ಲ.

ಈಗ ಅದ ಹೋರ್ಮುಜ್ ನೋಡ್ರಿ. ಇಕ್ಕಟ್ಟಾದ ಜಾಗಾದಾಗ ಅಗಲ ಬರೇ 39 ಕಿಲೋಮೀಟರು, ವಿಜಯಪುರದಿಂದ ಬಸವನ ಬಾಗೇವಾಡಿಗೆ ಹೋದಷ್ಟು ಅನ್ರಿ ಹೆಚ್ಚುಕಮ್ಮಿ. ಅದರಾಗ ದೊಡ್ಡ ಹಡಗು ಹೋಗೂ ದಾರಿ ಒಂದು, ಬರೂ ದಾರಿ ಒಂದು, ಒಂದೊಂದೂ ಮೂರು ಮೂರುವರಿ ಕಿಲೋಮೀಟರಿನಷ್ಟ. ಇತ್ತೀಚಿನ ವರ್ಷದಾಗ ದಿನಾ ಸುಮಾರು 2 ಕೋಟಿ ಬ್ಯಾರಲ್ ಎಣ್ಣಿ, ಜಗತ್ತು ಸುಡೂ ಎಣ್ಣಿಯೊಳಗ ಐದರಾಗ ಒಂದು ಪಾಲು, ಆ ಓಣಿಯಿಂದ ಹಾಯ್ದು ಹೋಗ್ತಿತ್ತು. ನಮ್ಮ ದೇಶದಾಗ ಉರಿಯೂ ಗ್ಯಾಸಿನ ಸಿಲಿಂಡರಿನ್ಯಾಗ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರೂದು, ಅದರಾಗೂ ಬಹುಪಾಲು ಆ ಕೊಲ್ಲಿ ದೇಶದಿಂದ ಬರೂದು. ಐದು ನೂರು ವರ್ಷದ ಹಿಂದ ಅಲ್ಲಿ ಬಾಗಲಾ ಹಾಕಿದ್ರ ವಿಜಯಪುರಕ್ಕ ಕುದುರಿ ಬರ್ತಿರಲಿಲ್ಲ, ಈಗ ಹಾಕಿದ್ರ ಇಂಡಿ ತಾಲೂಕಿನ ಹಳ್ಳಿಯೊಳಗ ಒಲಿ ಹತ್ತಾಂಗಿಲ್ಲ. ಇರಾನ್-ಇರಾಕ್ ಲಡಾಯಿಯೊಳಗ, 1984ರಿಂದ 88ರ ತನಕ, ಎರಡೂ ಕಡೆಯವ್ರು ಕೊಲ್ಲಿಯೊಳಗ ಎಣ್ಣಿ ಹಡಗಿಗೇ ಹೊಡೀತಿದ್ರು. ಇರಾನಿನ ಹತ್ರ ದೊಡ್ಡ ನೌಕಾಪಡೆ ಬೇಕಾಗೇ ಇಲ್ಲ, ಆ ದಂಡಿ ಮ್ಯಾಲ ಕುಂತಾವ್ರು ಅವರು, ಅದ ಅವರ ಬಲ. ಇದನ್ನ ತಿಳಕೊಂಡ ಹುಡುಗ ಟಿವಿಯೊಳಗ ಯಾವ ದೊಡ್ಡ ದೇಶ ಎಷ್ಟು ಹಡಗು ಕಳಿಸ್ತು ಅಂತ ಎಣಸಾಕ ಹೋಗಾಂಗಿಲ್ಲ, ಆ ಹಡಗು ಎಲ್ಲಿ ನಿಂತಾವ ಅಂತ ನೋಡ್ತಾನ.

ಕೆಂಪು ಸಮುದ್ರದ ಬಾಯಿ, ಬಾಬ್-ಎಲ್-ಮಂದೆಬ್, ಅದೂ ಹಂಗ. 2023ರ ನವೆಂಬರಿನಿಂದ ಯೆಮನ್‌ನ ಹೂತಿ ಬಂಡುಕೋರರು ಅಲ್ಲಿ ಹಡಗಿಗೆ ಹೊಡಿಯಾಕ ಶುರು ಮಾಡಿದ್ರು, ಯುರೋಪಿಗೆ ಹೋಗೂ ಹಡಗು ಆಫ್ರಿಕಾ ಸುತ್ತು ಹಾಕಿ ಹೋಗಬೇಕಾತು, ಹೆಚ್ಚಿಗಿ ಹತ್ತು ದಿನ ಮ್ಯಾಲ. ದ್ರಾಕ್ಷಿ ಬೆಳೆಯೂವ್ರಿಗೆ ನಾ ಹತ್ತು ದಿನ ಅಂದ್ರ ಏನು ಅಂತ ಹೇಳೂ ಜರೂರಿಲ್ಲ, ನಾಸಿಕ ಕಡೆಯಿಂದ ಯುರೋಪಿಗೆ ಹೋಗೂ ದ್ರಾಕ್ಷಿಗೆ ಆ ವರ್ಷ ಕಂಟೇನರ್ ಬಾಡಗಿ ಕುತ್ತಗಿಗೆ ಬಂತು. ನಮ್ಮ ತಿಕೋಟಾ ಕಡೆ ಒಣದ್ರಾಕ್ಷಿ ಹೆಚ್ಚು, ಅದು ತಾಸಗಾಂವ ಸಾಂಗ್ಲಿ ಪೇಟಿಗೆ ಹೋಗ್ತೈತಿ, ಆದ್ರ ಹಸಿ ದ್ರಾಕ್ಷಿ ಹೊರಗ ಹೋಗದಿದ್ರ ಒಣಗಿಸೂವ್ರು ಹೆಚ್ಚಾಗ್ತಾರ, ಆ ಲೆಕ್ಕ ರೈತರಿಗೆ ನನಗಿಂತ ಚಲೋ ತಿಳೀತೈತಿ. ಕೆಂಪು ಸಮುದ್ರದ ಇನ್ನೊಂದು ತುದಿಗಿರೂ ಸೂಯೆಜ್ ಕಾಲುವೆ 1956ರಾಗ ಈಜಿಪ್ಟಿನ ನಾಸೆರ್ ರಾಷ್ಟ್ರೀಕರಣ ಮಾಡಿದಾಗ ಲಡಾಯಿ ಆತು, 1967ರಿಂದ 1975ರ ತನಕ ಎಂಟು ವರ್ಷ ಪೂರಾ ಬಂದ್ ಇತ್ತು. ನೀರಿನ ಒಂದು ಸಣ್ಣ ಪಟ್ಟಿ, ಅಷ್ಟ.

ಯುಕ್ರೇನ್ ಬಗ್ಗೆ ಹೇಳಬೇಕಂದ್ರ ನಮ್ಮ ಡೋಣಿ ಹೊಳಿ ಸಾಲಿನ ರೈತರನ್ನ ಕ್ಲಾಸಿಗೆ ಕರಸಬೇಕು. ಅಲ್ಲಿಂದೂ ಕರಿ ಮಣ್ಣ ರೀ. ಮಳಿ ಬಿದ್ದ ಎರಿ ಹೊಲದಾಗ ಟ್ರ್ಯಾಕ್ಟರ್ ಇಳಿಸಿದ್ರ ಏನಾಗ್ತೈತಿ ನಮಗ ಗೊತ್ತಲ್ಲ, ಚಪ್ಪಲಿ ಬಿಟ್ಟು ಕಾಲು ಅಷ್ಟ ಮ್ಯಾಲ ಬರ್ತೈತಿ. ಅಲ್ಲಿ ಚಳಿಗಾಲ ಮುಗದು ಹಿಮ ಕರಗೂ ಮುಂದ ಹಂಗ ಆಗ್ತೈತಿ. 2022ರ ಫೆಬ್ರವರಿ 24ಕ್ಕ ರಷ್ಯಾ ನುಗ್ತು, ಕೀವ್ ಊರಿನ ಉತ್ತರಕ್ಕ ಸುಮಾರು 64 ಕಿಲೋಮೀಟರ್ ಉದ್ದದ ಸೈನ್ಯದ ಗಾಡಿಗಳ ಸಾಲು ನಿಂತುಬಿಡ್ತು. ಡಿಸೇಲ್ ತೀರಿತ್ತು, ಯುಕ್ರೇನಿನವ್ರು ಹೊಡೀತಿದ್ರು, ಅದೆಲ್ಲಾ ಖರೆ, ಆದ್ರ ಡಾಂಬರ್ ರೋಡು ಬಿಟ್ಟು ಬಾಜೂ ಹೊಲಕ್ಕ ಇಳಿಯಾಕ ಆಗದಂಗ ಮಾಡಿದ್ದು ಮಣ್ಣು. ಇನ್ನ ಆ ದೇಶಗಳ ಜಗಳದ ಬೇರು ನೋಡಿದ್ರ ಮತ್ತ ಉಪ್ಲಿ ಬುರುಜಿನ ಕಥಿ. ಪೋಲಂಡಿನಿಂದ ಮಾಸ್ಕೋ ತನಕ ಒಂದು ಗುಡ್ಡ ಅಡ್ಡ ಇಲ್ಲ. 1812ರಾಗ ನೆಪೋಲಿಯನ್ ಅದ ಬಯಲಾಗ ಬಂದ, 1941ರಾಗ ಹಿಟ್ಲರನ ಸೈನ್ಯ ಅದ ಬಯಲಾಗ ಬಂತು. ಅದಕ್ಕ ಮಾಸ್ಕೋದಾಗ ಕುಂತಾವ್ರು ವೈರಿ ಎಷ್ಟು ದೂರ ಇದ್ರ ಅಷ್ಟು ಚಲೋ, ನಡುವಿನ ನೆಲ ನಮ್ಮ ಮಾತು ಕೇಳಬೇಕು ಅಂತಾರ. ಕ್ರಿಮಿಯಾದ ಸೆವಾಸ್ತೊಪೋಲ್ ಬಂದರು ಬಿಟ್ರ ಕಪ್ಪು ಸಮುದ್ರದಾಗ ಅವರ ನೌಕಾಪಡೆಗೆ ಅಂಥಾ ಜಾಗಾ ಸಿಗೂದು ಕಷ್ಟ. ತಿಳಿಯೂದು ಬ್ಯಾರೆ, ಸರಿ ಅನ್ನೂದು ಬ್ಯಾರೆ. ನನ್ನ ಹೊಲಕ್ಕ ಬೇಲಿ ಇಲ್ಲಂತ ಬಾಜೂದಾಂವನ ಹೊಲಾನ ನನ್ನ ಬೇಲಿ ಮಾಡ್ಕೊಂತೀನಿ ಅಂದ್ರ ಅದು ನ್ಯಾಯ ಅಲ್ಲ, ಹುಡುಗೂರಿಗೆ ಇದನ್ನೂ ಅದ ಉಸರಿನ್ಯಾಗ ಹೇಳಬೇಕು.

ಆ ಲಡಾಯಿ ನಮ್ಮ ಮನಿಗೂ ಬಂತು. ಸೂರ್ಯಪಾನ ಎಣ್ಣಿ ರೇಟು ಕಿರಾಣಿ ಅಂಗಡಿಯೊಳಗ ಒಮ್ಮೆಲೆ ಏರಿತಲ್ಲ, ನಾವು ಹೊರಗಿಂದ ತರಸೂ ಸೂರ್ಯಪಾನ ಎಣ್ಣಿ ಬಹುಪಾಲು ಯುಕ್ರೇನ್ ರಷ್ಯಾದಿಂದನ ಬರ್ತಿತ್ತು. ಒಂದು ಕಾಲಕ್ಕ ನಮ್ಮ ಹೊಲದಾಗೆಲ್ಲಾ ಸೂರ್ಯಪಾನ ನಿಂತಿರ್ತಿತ್ತು, ಅದನ್ನ ಯಾಕ ಬಿಟ್ವಿ ಅನ್ನೂದು ಬ್ಯಾರೆ ಪತ್ರಕ್ಕ ಆಗೂವಷ್ಟು ಮಾತು. ಎಣ್ಣಿ ಬಿಡ್ರಿ, 2022ರ ಮಾರ್ಚ್ 1ಕ್ಕ ಖಾರ್ಕಿವ್‌ನ್ಯಾಗ ಶೆಲ್ ಬಿದ್ದು ಹಾವೇರಿ ಜಿಲ್ಲೆಯ ಒಬ್ಬ ಮೆಡಿಕಲ್ ಓದೂ ಹುಡುಗ ತೀರಿಕೊಂಡ. ಖಾರ್ಕಿವ್ ರಷ್ಯಾ ಗಡಿಯಿಂದ 40 ಕಿಲೋಮೀಟರೂ ಇಲ್ಲ. ಮಕ್ಕಳನ್ನ ಅಷ್ಟು ದೂರ ಓದಾಕ ಕಳಸೂ ಮುಂದ ಫೀ ಎಷ್ಟು ಅಂತ ನೂರು ಸಲ ಕೇಳ್ತೀವಿ, ಆ ಊರು ನಕಾಶೆದಾಗ ಎಲ್ಲೈತಿ ಅಂತ ಒಮ್ಮೆ ನೋಡೂ ರೂಢಿ ನಮಗ್ಯಾರೂ ಹಚ್ಚಲಿಲ್ಲ.

ಈಗ ಆ ಹಿರಿಯರ ಪ್ರಶ್ನಿಗೆ ಬರ್ತೀನಿ.

1949ರಾಗ ಕರಾಚಿಯೊಳಗ ಭಾರತ ಪಾಕಿಸ್ತಾನದ ಎರಡೂ ಸೈನ್ಯದವ್ರು ಕುಂತು ಕಾಶ್ಮೀರದಾಗ ಕದನವಿರಾಮದ ಗೆರಿ ಎಳದ್ರು. ಎಳಕೊಂತ ಎಳಕೊಂತ ಎನ್‌ಜೆ 9842 ಅನ್ನೂ ಒಂದು ಬಿಂದು ತನಕ ಬಂದ್ರು. ಅದರಾಚಿಗೆ ಬರೇ ಹಿಮ, ಯಾರು ಹೋಗ್ತಾರ ಅಲ್ಲಿ ಅಂತ, ಅಲ್ಲಿಂದ ಉತ್ತರಕ್ಕ ಹಿಮನದಿಗಳ ಕಡೆಗೆ ಅಂತ ಬರದು ಬಿಟ್ರು. 1972ರಾಗ ಸಿಮ್ಲಾ ಒಪ್ಪಂದ ಆದ ಮ್ಯಾಲೂ ಆ ಗೆರಿ ಮುಂದ ಹೋಗಲಿಲ್ಲ. ಆ ಅರ್ಧಾ ವಾಕ್ಯದ ಸಲುವಾಗಿ 1984ರ ಏಪ್ರಿಲ್ 13ಕ್ಕ ನಮ್ಮ ಸೈನ್ಯ ಆಪರೇಷನ್ ಮೇಘದೂತ ಮಾಡಿ ಸಾಲ್ತೊರೊ ಅನ್ನೂ ಬೆಟ್ಟದ ಸಾಲಿನ ಮ್ಯಾಲ ಹೋಗಿ ಕುಂತಿತು. ಸಿಯಾಚಿನ್ ಹಿಮನದಿ ಕೆಳಗ ಐತಿ, ಅದರ ಪಶ್ಚಿಮದ ಗ್ವಾಡಿ ಈ ಸಾಲ್ತೊರೊ. ಯಾರು ಮ್ಯಾಲ ಇದ್ದಾರೋ ಅವರು ಕೆಳಗಿನವ್ರನ್ನ ನೋಡ್ತಾರ, ಕೆಳಗಿನವ್ರು ಹತ್ತಿ ಬರಬೇಕಂದ್ರ ಒಂದಕ್ಕ ಹತ್ತು ಮಂದಿ ಸಾಲಾಂಗಿಲ್ಲ. ಇಳದ್ರ ಮತ್ತ ಹತ್ತಾಕ ಆಗಾಂಗಿಲ್ಲ. ಅದಕ್ಕ ಯಾರೂ ಇಳೀವಲ್ಲರು. ಅಲ್ಲಿ ಗುಂಡಿಗಿಂತ ಚಳಿ, ಹಿಮಕುಸಿತ, ಗಾಳಿ ಕಡಿಮಿ ಇರೂದರಿಂದ ಸತ್ತವ್ರು ಹೆಚ್ಚು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ಕ್ಕ 19,600 ಫೂಟ್ ಎತ್ತರದಾಗ ಹಿಮದ ಕೆಳಗ ಸಿಕ್ಕೊಂಡು, ಆರು ದಿನ ಆದ ಮ್ಯಾಲ ಜೀವಂತ ಸಿಕ್ಕು, 11ನೇ ತಾರೀಖಿಗೆ ತೀರಿಕೊಂಡ್ರಲ್ಲ, ಇಡೀ ಉತ್ತರ ಕರ್ನಾಟಕ ಅತ್ತಿತು. ಅವರು ಅಲ್ಲಿ ಯಾಕ ಇದ್ರು ಅನ್ನೂದು ಅತ್ತವ್ರೊಳಗ ಎಷ್ಟು ಮಂದಿಗೆ ಗೊತ್ತಿತ್ತು? ಅದು ಗೊತ್ತಾದ್ರ ಅವರ ಮ್ಯಾಲಿನ ಗೌರವ ಇನ್ನೂ ಹೆಚ್ಚಾಗ್ತೈತಿ ಅಂತ ನನ್ನ ನಂಬಿಕಿ.

ಕಾರ್ಗಿಲ್ಲೂ ಹಂಗ. 1999ರಾಗ ತೋಲೋಲಿಂಗ್, ಟೈಗರ್ ಹಿಲ್ ಅಂತ ಹೆಸರು ಕೇಳಿದ್ವಿ. ಆ ಬೋಳು ಗುಡ್ಡದ ಕೆಳಗ ಶ್ರೀನಗರದಿಂದ ಲೇಹ್‌ಗೆ ಹೋಗೂ ರೋಡು ಐತಿ, ಮ್ಯಾಲ ಕುಂತಂವ ಕೆಳಗ ಹೋಗೂ ಒಂದೊಂದು ಲಾರಿಯನ್ನೂ ಎಣಸ್ತಾನ. ಆ ರೋಡು ಹೋದ್ರ ಲಡಾಖಿನ ಉಸರು ಹೋದಂಗ. ಅದಕ್ಕ ನಮ್ಮ ಹುಡುಗೂರು ರಾತ್ರಿಯೊಳಗ ಕಡಿದಾದ ಬಂಡೆ ಹತ್ತಿ ಜೀವಾ ಕೊಟ್ರು, 527 ಮಂದಿ. ಇದ ರೋಡಿನ ಜೋಜಿಲಾ ಕಣಿವಿಯೊಳಗ 1948ರ ನವೆಂಬರ್ 1ಕ್ಕ, 11,500 ಫೂಟಿನ ಎತ್ತರಕ್ಕ ಟ್ಯಾಂಕ್ ಹತ್ತಿಸಿ ದಾರಿ ಬಿಡಿಸಿದವ್ರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಈಶಾನ್ಯಕ್ಕ ಹೋದ್ರ ಸಿಲಿಗುರಿ ಹತ್ರ ದೇಶ ಸೊಂಟ ಕಟ್ಟಿದಂಗ ಸಣ್ಣ ಆಗ್ತೈತಿ, 20-22 ಕಿಲೋಮೀಟರು, ಇಲ್ಲಿಂದ ತಿಕೋಟಾಕ್ಕ ಹೋದಷ್ಟು ದೂರ. ಅದರ ಮ್ಯಾಲ ಚೀನಾದ ಚುಂಬಿ ಕಣಿವಿ ಚೂಪಾಗಿ ಇಳದು ಬಂದೈತಿ, 2017ರಾಗ ಅದರ ಬಾಜೂದ ಡೋಕ್ಲಾಂನ್ಯಾಗ 73 ದಿನ ಎರಡೂ ಸೈನ್ಯ ಎದುರಾಬದರಾ ನಿಂತಿದ್ದು ಅದಕ್ಕ.

ನಾನು ಏನು ಮಾಡಿದೆ ಅಂದ್ರ, ಹಿತ್ತಲದಾಗ ಎರಿ ಮಣ್ಣು ಕಲಸಿ, ನನ್ನ ಹಳೇ ಅಟ್ಲಾಸ್ ಮುಂದಿಟ್ಕೊಂಡು, ಐದಾರು ದಿನ ಕುಂತು ಸಿಯಾಚಿನ್ ಸೀಮೆದು ಒಂದು ಉಬ್ಬು ನಕಾಶೆ ಮಾಡಿದೆ. ಹಿಮ ಇರೂ ಕಡೆ ಸುಣ್ಣ ಹಚ್ಚಿದೆ, ನಮ್ಮ ಸಾಲಿಗೆ ನೂಲು ಎಳದೆ. ಆ ಹಿರಿಯರನ್ನ ಕರದೆ. ಅವರಿಗೆ ಓದು ಬರಾಂಗಿಲ್ಲ ರೀ. ಬಂದು ಕುಕ್ಕರಗಾಲಿಲೆ ಕುಂತು, ಒಂದ ಬೆರಳಿಲೆ ಕೆಳಗಿಂದ ಮ್ಯಾಲ ಮುಟ್ಟಿಕೊಂತ ಹೋದ್ರು. ತುದೀಗೆ ಬೆರಳು ನಿಂದ್ರಿಸಿ, "ಇಲ್ಲಿಂದ ಇಳದ್ರ ಅವರು ಹತ್ತತಾರ, ಹೌದಲ್ಲ ಸರ" ಅಂದ್ರು. ಎರಡು ನಿಮಿಷ ಆಗಿರಲಿಲ್ಲ. ಬೆರಳಿಗೆ ಸಿಕ್ಕ ಮ್ಯಾಲ ಅವರಿಗೆ ನಾ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ನೀರು ಬಂದ್ ಮಾಡ್ರಿ ಅನ್ನೂ ಮಾತೂ ಹಂಗ, ಅದನ್ನ ಆಲಮಟ್ಟಿ ನೋಡಿದವ್ರು ಆಡಬಾರದು. 1960ರ ಸಿಂಧೂ ಒಪ್ಪಂದದಾಗ ರಾವಿ ಬಿಯಾಸ್ ಸಟ್ಲೆಜ್ ನಮಗ, ಸಿಂಧೂ ಝೇಲಂ ಚಿನಾಬ್ ನೀರಿನ ಹೆಚ್ಚಿನ ಪಾಲು ಪಾಕಿಸ್ತಾನಕ್ಕ ಅಂತ ಆತು. 2025ರ ಏಪ್ರಿಲ್ 23ಕ್ಕ ನಮ್ಮ ಸರ್ಕಾರ ಅದನ್ನ ತಡದು ಇಟ್ಟಿತು, ಆ ನಿರ್ಧಾರ ಸರಿನೋ ತಪ್ಪೋ ಅಂತ ನಾ ಇಲ್ಲಿ ಹೇಳಾಕ ಹೊಂಟಿಲ್ಲ. ಆದ್ರ ಹೊಳಿ ನಲ್ಲಿ ಅಲ್ಲ ರೀ. ಆಲಮಟ್ಟಿಯೊಳಗ 123 ಟಿಎಂಸಿ ನಿಂದ್ರೂ ಜಾಗಾ ಐತಿ, ಅಷ್ಟಿದ್ರೂ ಮಹಾರಾಷ್ಟ್ರದಾಗ ಜೋರು ಮಳಿ ಆದ್ರ 26 ಗೇಟೂ ಎತ್ತಬೇಕಾಗ್ತೈತಿ. ಚಿನಾಬ್ ಮ್ಯಾಲ ನಮ್ಮ ಸಲಾಲ್, ಬಗ್ಲಿಹಾರ್ ಅದಾವ, ಅವು ಹರಿಯೂ ನೀರಿನ ಮ್ಯಾಲ ಕರೆಂಟ್ ಮಾಡಾಕ ಕಟ್ಟಿದವು, ತಿಂಗಳಗಟ್ಟಲೆ ನೀರು ಹಿಡಿಯೂ ಹೊಟ್ಟಿ ಅವಕ್ಕಿಲ್ಲ. ಹಿಡೀಬೇಕಂದ್ರ ಕಣಿವಿ ಮುಳುಗಬೇಕು, ಊರು ಎಬ್ಬಸಬೇಕು. ಊರು ಮುಳುಗೂದು ಅಂದ್ರ ಏನು ಅಂತ ಹಳೇ ಬಾಗಲಕೋಟಿ ಮಂದೀನ ಕೇಳ್ರಿ, ಅವರ ಅಂಗಡಿ ಓಣಿ ಗುಡಿ ನೀರಾಗ ಹೋಗ್ಯಾವ. ಡ್ಯಾಮಿನ ಎತ್ತರ 519.60 ಮೀಟರಿನಿಂದ 524.256ಕ್ಕ ಏರಸ್ರಿ ಅಂತ ನಾವು ಅಂತೀವಿ, ಸಾಂಗ್ಲಿ ಕೊಲ್ಲಾಪುರದವ್ರು ನಮಗ ನೀರು ನುಗ್ತೈತಿ ಅಂತಾರ. ಒಂದ ದೇಶ ಒಂದ ಸುಪ್ರೀಂ ಕೋರ್ಟ್ ಇದ್ದೂ ಇಷ್ಟು ತ್ರಾಸು ಐತಿ, ಎರಡು ದೇಶದ ನಡುವ ಹರಿಯೂ ಹೊಳಿ ಎಷ್ಟು ನಾಜೂಕ ಇರ್ತೈತಿ ಅಂತ ನಮ್ಮ ಜಿಲ್ಲೆಯ ಹುಡುಗೂರಿಗೆ ತಿಳಿಸೂದು ಭಾಳ ಸುಲಭ. 1948ರ ಏಪ್ರಿಲ್ 1ಕ್ಕ ನಮ್ಮ ಫಿರೋಜಪುರದಿಂದ ಆ ಕಡೆ ಹೋಗೂ ಕಾಲುವೆ ನೀರು ನಿಂತಾಗಿಂದ ಆ ಅಂಜಿಕಿ ಪಾಕಿಸ್ತಾನದವ್ರ ಎದ್ಯಾಗ ಐತಿ. ಮ್ಯಾಲಿನವ್ರು ನಾವು, ಕೆಳಗಿನವ್ರು ಅವರು. ಬ್ರಹ್ಮಪುತ್ರದಾಗ ಮ್ಯಾಲಿನವ್ರು ಚೀನಾ, ಕೆಳಗಿನವ್ರು ನಾವು, ಅದನ್ನೂ ನೆನಪಿಡಬೇಕು.

ನೆಲಾನ ಎಲ್ಲಾ ಮಾಡಸ್ತೈತಿ, ಮನಷ್ಯಾರ ಕೈಯಾಗ ಏನಿಲ್ಲ ಅಂತ ಹುಡುಗೂರು ತಿಳಕೊಂಡ್ರ ಅದೂ ತಪ್ಪಾಗ್ತೈತಿ. ಫ್ರಾನ್ಸ್ ಜರ್ಮನಿ ನಡುವ ರೈನ್ ಹೊಳಿ ಐತಿ, ಅದರ ದಂಡಿಯ ಅಲ್ಸಾಸ್ ಸೀಮೆ 1871ರಿಂದ 1945ರೊಳಗ ನಾಕು ಸಲ ಕೈ ಬದಲಿ ಮಾಡಿತು, ಲಕ್ಷಗಟ್ಟಲೆ ಮಂದಿ ಸತ್ರು. ಹೊಳಿ ಅದ, ಗುಡ್ಡ ಅದ, ಕಲ್ಲಿದ್ದಲೂ ಅದ. 1951ರಾಗ ಕಲ್ಲಿದ್ದಲು ಉಕ್ಕು ಎರಡನ್ನೂ ಕೂಡಿ ನೋಡ್ಕೊಳ್ಳೂಣು ಅಂತ ಒಪ್ಪಂದ ಮಾಡ್ಕೊಂಡ್ರು, ಈಗ ಆ ಹೊಳಿ ದಾಟಿ ಮಂದಿ ದಿನಾ ಕೆಲಸಕ್ಕ ಹೋಗಿ ಬರ್ತಾರ. ಈ ಪಾಠ ನಾ ಹೇಳೂ ಮುಂದ ಕ್ಲಾಸ್ ಸುಮ್ನಾಗ್ತಿತ್ತು, ಯಾವಾಗಲೂ.

ನಾ ಕೇಳೂದು ಭಾಳ ಇಲ್ಲ ಸಾಹೇಬ್ರ. ಒಂದೊಂದು ಹೈಸ್ಕೂಲಿಗೆ ಒಂದು ದೊಡ್ಡ ಉಬ್ಬು ನಕಾಶೆ ಕೊಡ್ರಿ, ಕೈಲೆ ಮುಟ್ಟೂವಂಥಾದು, ಭಾರತ ಮತ್ತ ಸುತ್ತಲಿನ ದೇಶದ್ದು. ಸ್ಮಾರ್ಟ್ ಕ್ಲಾಸ್ ಬೋರ್ಡ್ ಬಂದಾವ, ಬ್ಯಾಡ ಅನ್ನಾಂಗಿಲ್ಲ, ಆದ್ರ ಬೆರಳಿಗೆ ಗುಡ್ಡ ಸಿಗಬೇಕು. ನಾನು ಕೆಲಸ ಮಾಡಿದ ಒಂದು ಶಾಲೆಯೊಳಗ ಇದ್ದ ಒಂದ ನಕಾಶೆ ಹರದು, ಹೊಸಾದು ಕೊಡ್ರಿ ಅಂತ ಅರ್ಜಿ ಬರದು ಬರದು ನನ್ನ ಸರ್ವಿಸ್ ಮುಗೀತು, ನಕಾಶೆ ಬರಲಿಲ್ಲ. ಇತಿಹಾಸದಾಗ ಲಡಾಯಿ ಬಂದಲ್ಲೆಲ್ಲಾ ಅದರ ಬಾಜೂಕ್ಕ ನೆಲದ ಚಿತ್ರ ಹಾಕಿಸ್ರಿ. ಪರೀಕ್ಷಾದಾಗ ಇದನ್ನ ಗುರ್ತು ಹಾಕು ಅಂತ ಕೇಳೂ ಜೋಡಿ ಇದು ಇಲ್ಲೇ ಯಾಕ ಐತಿ ಅಂತ ಒಂದು ಪ್ರಶ್ನಿ ಇಡ್ರಿ. ನಮ್ಮಂಥಾ ರಿಟೈರ್ಡ್ ಮಾಸ್ತರಗೋಳು, ರಿಟೈರ್ಡ್ ಸೈನಿಕರು ಊರಿಗೆ ನಾಕು ಮಂದಿ ಅದೀವಿ, ಕರದ್ರ ರೊಕ್ಕ ಕೇಳಲಾರದ ಬಂದು ಹೇಳ್ತೀವಿ. ಕಣ್ಣಿಲೆ ನೋಡಿ ಬಂದ ಸೈನಿಕ ಹೇಳಿದ್ರ ಹುಡುಗೂರು ಉಸರು ಬಿಗಿಹಿಡದು ಕೇಳ್ತಾರ.

ತಂದಿತಾಯಿಗಳ, ನಿಮಗೊಂದು ಮಾತು. ಹುಡುಗ ಮೊಬೈಲಿನ್ಯಾಗ ಲಡಾಯಿ ವಿಡಿಯೋ ನೋಡಿ ಕುಣಿಯೂ ಮುಂದ ಬೈಬ್ಯಾಡ್ರಿ, ಆ ಊರು ನಕಾಶೆದಾಗ ಎಲ್ಲೈತಿ ತೋರಸು ಅನ್ರಿ. ನಿಮಗ ಗೊತ್ತಿಲ್ಲಂದ್ರೂ ನಡೀತೈತಿ, ಅವಂಗ ಹುಡುಕಾಕ ಹಚ್ಚಿದ್ರ ಸಾಕು.

ಬರೂ ಜನವರಿ 23ಕ್ಕ ತಂಗಡಗಿಗೆ ಒಂದು ಶಾಲೆಯ 9ನೇ ಕ್ಲಾಸಿನ ಹುಡುಗೂರನ್ನ ಕರಕೊಂಡು ಹೋಗಬೇಕಂತ ಅಲ್ಲಿನ ಅಕ್ಕೋರೊಬ್ರು ಮತ್ತ ನಾನು ಕೂಡಿ ವಿಚಾರ ಮಾಡೀವಿ. ಈಗ ಅಲ್ಲಿ ನಾರಾಯಣಪುರ ಡ್ಯಾಮಿನ ಹಿನ್ನೀರು ನಿಂತೈತಿ, ಹಳೇ ದಾಟೂ ಜಾಗಾ ಕಾಣಾಂಗಿಲ್ಲ, ಆದ್ರ ದಂಡಿಗೆ ನಿಂತು ಆಚಿ ದಂಡಿ ನೋಡಿದ್ರ ಅರ್ಧ ಪಾಠ ಮುಗೀತೈತಿ. ಬಸ್ಸಿನ ಖರ್ಚು ನಾ ಕೊಡ್ತೀನಿ, ಆ ಹಿರಿಯರೂ ಜೋಳದ ರೊಟ್ಟಿ ಬುತ್ತಿ ತಮ್ಮ ಮನಿಯಿಂದ ಅಂತ ಹೇಳ್ಯಾರ. ಅವರ ಮಗನಿಗೆ ಆವಾಗ ರಜಾ ಸಿಕ್ರ ಅವನೂ ಬರ್ತಾನಂತ. ಇಲಾಖೆಯಿಂದ ಒಂದು ಪರ್ಮಿಷನ್ ಲೆಟರ್ ಅಷ್ಟ ಬೇಕಾಗೈತಿ, ಅದನ್ನ ಡಿಸೆಂಬರ್ ಮುಗಿಯೂದರೊಳಗ ಕಳಿಸಿಕೊಡಬೇಕಂತ ಕೈ ಮುಗದು ಕೇಳ್ಕೊಂತೀನಿ.

ಇಂತಿ,
ಸಮಾಜ ವಿಜ್ಞಾನದ ಒಬ್ಬ ರಿಟೈರ್ಡ್ ಮಾಸ್ತರ
ವಿಜಯಪುರ